ದೆವ್ವದ ಮುಖ ಬರೆಯುವ ಮೊದಲು

ಪ್ರಶ್ನೆ: ನಾನು ಹಾವೇರಿ ಕಡೆಯವನು, ಚಿತ್ರಕಲೆ ಓದುತ್ತಿದ್ದೇನೆ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ಓದಿ ಹಿಂದಿರುಗುವ ದೆವ್ವದ ಕಥೆ ಇಟ್ಟುಕೊಂಡು 24 ಪುಟದ ಕಪ್ಪು-ಬಿಳುಪು ಕಾಮಿಕ್ಸ್ ಬರೆಯುತ್ತಿದ್ದೇನೆ, ಕನ್ನಡದಲ್ಲೇ. ಅವ್ವ ತವರಿಗೆ ಹೋಗಿದ್ದಾಳೆ, ಅಪ್ಪ ರಾತ್ರಿ ಕರೆಂಟಿಗೆ ಮೋಟರ್ ಹಾಕಲು ಹೊಲಕ್ಕೆ ಹೋಗಿದ್ದಾನೆ, ಮನೆಯಲ್ಲಿ ಅಜ್ಜಿ ಮತ್ತು ಎರಡನೇ ಕ್ಲಾಸಿನ ಹುಡುಗಿ ಮಾತ್ರ. ಆಗ ಬಾಗಿಲು ಬಡಿಯುತ್ತದೆ. ಮೊದಲ ಎಂಟು ಪುಟ ಕಳಿಸಿದ್ದೇನೆ. ನೋಡಿದ ಗೆಳೆಯರೆಲ್ಲ ‘ಡ್ರಾಯಿಂಗ್ ಚೆನ್ನಾಗಿದೆ, ಆದರೆ ಹೆದರಿಕೆ ಆಗಲಿಲ್ಲ’ ಅಂದರು. ಎಲ್ಲಿ ತಪ್ಪಿದೆ? ಇದಾದ ಮೇಲೆ ಯಾವ ಜನಪದ ಕಥೆ ಹಿಡಿಯಬಹುದು? ತುಳುನಾಡಿನ ಭೂತಗಳನ್ನು ತರುವ ಆಸೆಯಿದೆ. ತರಬಹುದೇ?

ಉತ್ತರ:

ನಿಮ್ಮ ಎಂಟು ಪುಟಗಳನ್ನು ಎರಡು ಸಲ ನೋಡಿದೆ. ರಾತ್ರಿ ಒಮ್ಮೆ ಸುಮ್ಮನೆ ಓದಿದೆ, ಬೆಳಿಗ್ಗೆ ಪೆನ್ಸಿಲ್ ಹಿಡಿದು ಕೂತೆ. ಮೊದಲ ಪುಟದ ಪಡಸಾಲೆ, ಗೂಟಕ್ಕೆ ನೇತುಬಿದ್ದ ಎತ್ತಿನ ಹಗ್ಗ, ಅಜ್ಜಿಯ ತಲೆದಿಂಬಿನ ಪಕ್ಕದ ಎಲೆಯಡಿಕೆ ಚೀಲ, ಬಾಗಿಲ ಹಿಂದಿನ ಅಗಳಿ ಸವೆದು ಒಂದು ಕಡೆ ಓರೆಯಾಗಿರುವುದು, ಇದನ್ನೆಲ್ಲ ಅಂಥ ಮನೆಯಲ್ಲಿ ಬೆಳೆದವರು ಮಾತ್ರ ಬರೆಯಬಲ್ಲರು. ಹೆದರಿಕೆ ಬಂದು ಕೂರಲು ಬೇಕಾದ ಮನೆಯನ್ನು ನೀವಾಗಲೇ ಕಟ್ಟಿದ್ದೀರಿ. ಕೆಟ್ಟಿರುವುದು ಮೂರನೇ ಪುಟದಲ್ಲಿ. ಬಾಗಿಲು ಬಡಿದ ಮರುಪ್ಯಾನೆಲ್‌ನಲ್ಲೇ, ಅಂದರೆ ಮುಂದಿನ ಚಿತ್ರಚೌಕದಲ್ಲೇ, ಹೊರಗೆ ನಿಂತವಳನ್ನು ತೋರಿಸಿಬಿಟ್ಟಿದ್ದೀರಿ: ಬಿಳಿ ಸೀರೆ, ಕೆದರಿದ ಕೂದಲು, ಹಿಂದುಮುಂದಾದ ಪಾದ, ಬಾಯಿಂದ ಸುರಿಯುವ ರಕ್ತ. ಈ ಮುಖವನ್ನು ನಿಮ್ಮ ಓದುಗರು ಸಿನಿಮಾದಲ್ಲಿ, ಧಾರಾವಾಹಿಯಲ್ಲಿ ಲೆಕ್ಕವಿಲ್ಲದಷ್ಟು ಸಲ ನೋಡಿದ್ದಾರೆ. ಗುರುತು ಸಿಕ್ಕ ಕೂಡಲೇ ಹೆದರಿಕೆ ಇಳಿದುಹೋಗುತ್ತದೆ.

ಅದು ಮೂರನೇ ಪುಟದಲ್ಲಿರುವುದು ಇನ್ನೊಂದು ತೊಂದರೆ. ಪುಸ್ತಕ ಬಿಡಿಸಿದಾಗ ಎರಡು ಮತ್ತು ಮೂರನೇ ಪುಟ ಅಕ್ಕಪಕ್ಕ ತೆರೆದುಕೊಳ್ಳುತ್ತವೆ. ಓದುಗ ಎರಡನೇ ಪುಟದ ಮೊದಲ ಪ್ಯಾನೆಲ್ ಓದುವಷ್ಟರಲ್ಲೇ ಬಲಗಡೆಯ ಆ ಮುಖ ಅವನ ಕಣ್ಣಂಚಿಗೆ ಬಡಿದಾಗಿರುತ್ತದೆ. ಬಾಗಿಲು ಬಡಿಯುವ ಮೊದಲೇ ಬಡಿದವರು ಯಾರೆಂದು ಗೊತ್ತಾಯಿತು. ಕಾಮಿಕ್ಸ್‌ನಲ್ಲಿ ಓದುಗನಿಂದ ಬಚ್ಚಿಡಲು ನಿಮಗೆ ಇರುವ ಜಾಗ ಒಂದೇ, ಪುಟ ಮಗುಚಿದ ಆಚೆ ಬದಿ. ಬಲಪುಟದ ಕೊನೆಯ ಪ್ಯಾನೆಲ್‌ನಲ್ಲಿ ಪ್ರಶ್ನೆ ನಿಲ್ಲಬೇಕು, ಮಗುಚಿದರೆ ಎಡಪುಟದ ಮೊದಲ ಪ್ಯಾನೆಲ್‌ನಲ್ಲಿ ಅದಕ್ಕೆ ಸಿಗುವುದು ಸಿಗಬೇಕು. ಬೆಸಸಂಖ್ಯೆಯ ಪುಟ ಕೇಳುತ್ತದೆ, ಸಮಸಂಖ್ಯೆಯ ಪುಟ ತೋರಿಸುತ್ತದೆ. ನಿಮ್ಮ 24 ಪುಟವನ್ನು ಸಣ್ಣ ಕಾಗದದಲ್ಲಿ ಮಡಚಿ ಹೊಲಿದು ಕೈಯಲ್ಲಿ ಹಿಡಿದು ಮಗುಚಿ ನೋಡಿ, ಪರದೆ ಮೇಲೆ ನೋಡಿದರೆ ಇದು ತಿಳಿಯುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಹಳ್ಳಿಗಳಲ್ಲಿ ದೆವ್ವದ ಕಥೆ ಹೇಳುವವರನ್ನು ನೆನಪು ಮಾಡಿಕೊಳ್ಳಿ. ಮುಖ ಹೇಗಿತ್ತು ಅಂತ ಅವರು ವರ್ಣಿಸುವುದು ಬಲು ಕಡಿಮೆ. ಯಾವ ಹುಣಸೆಮರ, ಎಷ್ಟು ಹೊತ್ತಿನಲ್ಲಿ, ಹೇಗೆ ಕರೆಯಿತು, ಓಗೊಟ್ಟರೆ ಏನಾಗುತ್ತಿತ್ತು, ಏನು ಮಾಡಿದ್ದಕ್ಕೆ ಬಿಟ್ಟುಹೋಯಿತು, ಇಷ್ಟನ್ನೇ ಹೇಳುತ್ತಾರೆ. ಜನಪದದ ದೆವ್ವಕ್ಕೆ ಮುಖಕ್ಕಿಂತ ಮೊದಲು ಒಂದು ಕಟ್ಟಳೆ ಇರುತ್ತದೆ. ಬಂಗಾಳದಲ್ಲಿ ‘ನಿಶಿ’ ಎಂಬುದೊಂದಿದೆ. ಅದು ರಾತ್ರಿಹೊತ್ತು ನಿಮ್ಮವರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಆದರೆ ಎರಡು ಸಲಕ್ಕಿಂತ ಹೆಚ್ಚು ಕರೆಯಲಾರದು. ಅದಕ್ಕೇ ಮೂರನೇ ಕೂಗು ಕೇಳುವ ತನಕ ಓಗೊಡಬಾರದು ಎನ್ನುತ್ತಾರೆ. ಬೇತಾಳನಿಗೂ ಹೀಗೇ: ದಾರಿಯಲ್ಲಿ ರಾಜ ಬಾಯಿಬಿಟ್ಟರೆ ಹೆಣ ಮರಳಿ ಮರಕ್ಕೆ ಹಾರುತ್ತದೆ, ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡರೆ ತಲೆ ಸಿಡಿದು ಹೋಳಾಗುತ್ತದೆ. ಸೋಮದೇವನ ಕಥಾಸರಿತ್ಸಾಗರದಲ್ಲಿ, ಹನ್ನೊಂದನೇ ಶತಮಾನದ ಕಾಶ್ಮೀರದಲ್ಲಿ, ಬರಹಕ್ಕೆ ಇಳಿದ ಈ ಇಕ್ಕಟ್ಟು ಇವತ್ತಿಗೂ ಹಳತಾಗಿಲ್ಲ. ಚಂದಮಾಮ ಓದಿ ಬೆಳೆದವರಿಗೆ ಶಂಕರ್ ಬರೆದ ಆ ಚಿತ್ರ ಮರೆಯುವುದುಂಟೇ? ಹಿರಿದ ಕತ್ತಿ, ಹೆಗಲ ಮೇಲೆ ಹೆಣ, ಸ್ಮಶಾನದ ದಾರಿ. 2020ರಲ್ಲಿ ತೀರಿಕೊಂಡ ಆ ದೊಡ್ಡ ಕಲಾವಿದರು ಬೇತಾಳನ ಮುಖವನ್ನು ವಿಕಾರ ಮಾಡಲು ಹೋಗಲಿಲ್ಲ, ಹೆಣದ ಭಾರವನ್ನು ರಾಜನ ನಡಿಗೆಯಲ್ಲಿ ತೋರಿಸಿದರು. ಚಿಕ್ಕಂದಿನಲ್ಲಿ ಆ ಪುಟ ನೋಡಿ ನನ್ನ ಹೆಗಲೇ ನೋಯುತ್ತಿತ್ತು.

ನಿಮ್ಮ ಕೈಯಲ್ಲಿರುವ ಕಥೆಯ ಕಟ್ಟಳೆ ಇವೆಲ್ಲಕ್ಕಿಂತ ವಿಚಿತ್ರವಾದದ್ದು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಿಂದ ಹಿಡಿದು ಹಳ್ಳಿಗಳ ತನಕ ಬಾಗಿಲುಗಳ ಮೇಲೆ, ಗೋಡೆಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದನ್ನು ಕಂಡವರು ಇನ್ನೂ ಇದ್ದಾರೆ. 2018ರ ಹಿಂದಿ ಸಿನಿಮಾ ‘ಸ್ತ್ರೀ’ಯಲ್ಲಿ ಗೋಡೆಗಳ ಮೇಲೆ ಬರುವ ಬರಹ ಇದರದೇ ಹಿಂದಿ ರೂಪ. ರಾತ್ರಿ ಮನೆಯವರದೇ ದನಿಯಲ್ಲಿ ಕರೆಯುವ ಆ ಹೆಂಗಸು ಬಾಗಿಲ ಮೇಲಿನ ಎರಡು ಪದ ಓದುತ್ತಾಳೆ, ಹಿಂದಿರುಗುತ್ತಾಳೆ. ಮರುದಿನ ಬಂದು ಮತ್ತೆ ಅದನ್ನೇ ಓದುತ್ತಾಳೆ. ಮಂತ್ರವಿಲ್ಲ, ಬೇವಿನ ಸೊಪ್ಪಿಲ್ಲ. ಕನ್ನಡ ಓದಲು ಬರುವ, ಓದಿದ್ದಕ್ಕೆ ಬದ್ಧವಾಗಿರುವ ದೆವ್ವ!

ಇದನ್ನು ಕಾಮಿಕ್ಸ್‌ನವರು ಬಿಡಬಾರದು. ಸಿನಿಮಾದಲ್ಲಿ ಆ ಬರಹವನ್ನು ಪ್ರೇಕ್ಷಕ ನೋಡುತ್ತಾನೆ, ಅಷ್ಟೆ. ಕಾಮಿಕ್ಸ್‌ನಲ್ಲಿ ಓದುಗ ಅದನ್ನು ಓದುತ್ತಾನೆ. ಹೊರಗೆ ನಿಂತವಳ ಕಣ್ಣೂ ನಿಮ್ಮ ಓದುಗನ ಕಣ್ಣೂ ಒಂದೇ ಗಳಿಗೆಯಲ್ಲಿ ಅವೇ ಎರಡು ಪದದ ಮೇಲೆ ನಿಂತಿರುತ್ತವೆ. ಆದ್ದರಿಂದ ಅವಳನ್ನು ತೋರಿಸಲೇಬೇಡಿ. ಬಾಗಿಲನ್ನು ಅವಳು ನಿಂತ ಜಾಗದಿಂದ ಬರೆಯಿರಿ. ಹೊರಗಿನಿಂದ, ಹತ್ತಿರದಿಂದ, ಮರದ ಗೆರೆ ಕಾಣುವಷ್ಟು ಹತ್ತಿರದಿಂದ ಬಾಗಿಲು, ಅದರ ಮೇಲೆ ಅಕ್ಷರ. ಪುಟದ ಮುಂದೆ ಕೂತವನು ಆಗ ದೆವ್ವದ ಜಾಗದಲ್ಲಿ ನಿಂತಿರುತ್ತಾನೆ, ಅದು ಅವನಿಗೆ ಎರಡು ಪ್ಯಾನೆಲ್ ಆದಮೇಲೆ ಹೊಳೆಯಬೇಕು.

ಆ ಅಕ್ಷರ ಬರೆದವರು ಯಾರು? ನಿಮ್ಮ ಕರಡಿನಲ್ಲಿ ಅದು ಮೊದಲಿಂದಲೂ ಬಾಗಿಲ ಮೇಲಿದೆ, ಅಚ್ಚು ಹಾಕಿದ ಹಾಗೆ. ಅಜ್ಜಿಗೆ ಓದುಬರಹ ಬರುವುದಿಲ್ಲ ಎಂದು ನೀವೇ ಎರಡನೇ ಪುಟದಲ್ಲಿ ತೋರಿಸಿದ್ದೀರಿ. ಹಾಗಾದರೆ ಮನೆಯಲ್ಲಿ ಅಕ್ಷರ ಬಲ್ಲವಳು ಆ ಎರಡನೇ ಕ್ಲಾಸಿನ ಹುಡುಗಿ ಒಬ್ಬಳೇ. ಶಾಲೆಯಿಂದ ತಂದ ಸೀಮೆಸುಣ್ಣದ ತುಂಡು, ನಿಮ್ಮ ಕಡೆಯ ಖಡು, ಅವಳ ಕೈಗೆ ಕೊಡಿ. ಅಜ್ಜಿ ಹೇಳುತ್ತಾಳೆ, ಹುಡುಗಿ ಬರೆಯುತ್ತಾಳೆ. ಕೊಂಬು-ದೀರ್ಘ ಇನ್ನೂ ಸರಿಯಾಗಿ ಕೂರದ ಕೈ. ‘ಳ’ ಬರೆಯಲು ಅವಳು ಪಡುವ ಪಾಡಿಗೆ ಒಂದಿಡೀ ಪ್ಯಾನೆಲ್ ಕೊಡಿ. ಮನೆಯ ಜೀವ ಒಂದು ಮಗುವಿನ ಕಾಪಿಬರಹದ ಮೇಲೆ ನಿಂತಿದೆ ಎಂಬುದು ಅಲ್ಲಿ ತಾನಾಗಿ ಮೂಡುತ್ತದೆ.

ಆಮೇಲೆ ಮಳೆ ತರಿಸಿ. ನಿಮ್ಮ ಮೊದಲ ಪುಟದಲ್ಲೇ ಹೆಂಚಿನ ಮನೆಯಿದೆ, ಸೂರು ಎಡಗಡೆಗೆ ವಾಲಿದೆ. ಸೂರಿನ ನೀರು ಬಾಗಿಲ ಎಡಭಾಗಕ್ಕೆ ಎರಚುತ್ತದೆ. ನಾಲ್ಕು ಪ್ಯಾನೆಲ್, ನಾಲ್ಕರಲ್ಲೂ ಅದೇ ಬಾಗಿಲು, ಅದೇ ಅಳತೆ. ಮೊದಲನೆಯದರಲ್ಲಿ ‘ನಾಳೆ ಬಾ’. ಎರಡನೆಯದರಲ್ಲಿ ‘ನಾ’ ಕರಗಿ ಬೆಳ್ಳಗೆ ಇಳಿಯುತ್ತಿದೆ. ಮೂರನೆಯದರಲ್ಲಿ ‘ನಾ’ ಹೋಗಿ ‘ಳೆ’ಯೂ ಕರಗುತ್ತಿದೆ. ಪುಟ ಮಗುಚಿದರೆ ‘ಬಾ’ ಒಂದೇ. ಇಷ್ಟಾದ ಮೇಲೆ ನೀವು ರಕ್ತ ಬರೆಯುವ ಅಗತ್ಯವೇ ಇಲ್ಲ. ಕನ್ನಡ ಓದಬಲ್ಲವರಿಗೆ ಮಾತ್ರ ಬಡಿಯುವ ಹೆದರಿಕೆ ಅದು, ಬೇರೆ ಭಾಷೆಗೆ ಹೀಗೇ ದಾಟುವುದಿಲ್ಲ.

ಇನ್ನು ದನಿ. ಕಾಗದಕ್ಕೆ ದನಿಯಿಲ್ಲ, ಆದರೆ ನಿಮ್ಮ ಕಥೆ ನಿಂತಿರುವುದೇ ದನಿಯ ಮೇಲೆ. ನಿಮ್ಮ ಮಾತಿನ ಬಲೂನ್‌ನಲ್ಲಿ ಹೊರಗಿನವಳು ‘ಮಗಳೇ, ಬಾಗಿಲನ್ನು ತೆರೆ’ ಅನ್ನುತ್ತಾಳೆ. ಹಾವೇರಿ ಕಡೆ ಯಾವ ಅವ್ವ ಹೀಗೆ ಕರೆಯುತ್ತಾಳೆ? ‘ಏ ಗಂಗೀ, ಬಾಗಲಾ ತಗೀ’ ಅನ್ನಬೇಕು. ಅವ್ವನ ಮಾತು ಅಷ್ಟು ಸರಿಯಾಗಿದ್ದರೆ ಮಾತ್ರ ಅದರಲ್ಲಿನ ಒಂದು ತಪ್ಪು ಕೇಳಿಸುತ್ತದೆ. ಮೊದಲ ಪುಟದಲ್ಲಿ ಅವ್ವ ತವರಿಗೆ ಹೊರಡುವಾಗ ಮಗಳನ್ನು ‘ಗಂಗೀ’ ಎಂದು ಕರೆಯಲಿ. ರಾತ್ರಿ ಬಾಗಿಲಾಚೆಯ ದನಿ ‘ಗಂಗವ್ವಾ, ಬಾಗಲಾ ತಗೀ’ ಅನ್ನಲಿ. ಹುಡುಗಿ ಏಳುತ್ತಾಳೆ, ಅಗಳಿಗೆ ಕೈ ಹಾಕುತ್ತಾಳೆ, ಅಲ್ಲಿಗೆ ಬಲಪುಟ ಮುಗಿಯಲಿ. ಮಗುಚಿದರೆ ಅವಳ ಮಣಿಕಟ್ಟು ಹಿಡಿದ ಅಜ್ಜಿಯ ಕೈ. ಅಜ್ಜಿ ಯಾಕೆ ತಡೆದಳು ಎಂಬುದನ್ನು ವಿವರಿಸಿ ಹೇಳಬೇಡಿ. ಹಿಂದಿನ ಪುಟಕ್ಕೆ ಹೋಗಿ ನೋಡುವವರು ನೋಡುತ್ತಾರೆ. ಆ ದನಿಯ ಬಲೂನ್‌ಗೆ ಬಾಲವನ್ನೂ ಕೊಡಬೇಡಿ, ಯಾವ ಬಾಯಿಂದ ಬಂತೆಂದು ತೋರಿಸುವ ಗೆರೆ ಇಲ್ಲದಿದ್ದರೆ ಅದು ಎಲ್ಲಿಂದಲಾದರೂ ಬರಬಹುದು.

ಅಕ್ಷರದ ವಿಷಯಕ್ಕೆ ಒಂದೆರಡು ಮಾತು, ಯಾಕೆಂದರೆ ಇಲ್ಲಿ ನಮ್ಮ ಹುಡುಗರು ಇಂಗ್ಲಿಷ್ ಕಾಮಿಕ್ಸ್ ನೋಡಿ ಕಲಿತು ಎಡವುತ್ತಾರೆ. ಇಂಗ್ಲಿಷಿನವರು ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆದು ಸಾಲುಗಳನ್ನು ಇಟ್ಟಿಗೆಯಂತೆ ಒತ್ತಾಗಿ ಜೋಡಿಸುತ್ತಾರೆ. ನಮ್ಮ ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಜಾಗ ಬೇಕು, ಗುಣಿತಕ್ಕೆ ಮೇಲೆ ಜಾಗ ಬೇಕು. ಅದೇ ಅಳತೆಯ ಬಲೂನ್‌ನಲ್ಲಿ ಕನ್ನಡ ತುರುಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ನಿಮ್ಮ ಐದನೇ ಪುಟದಲ್ಲಿ ಹೀಗಾಗಿದೆ, ಮೂರು ಬಲೂನ್ ಓದಲು ಆಗುತ್ತಿಲ್ಲ. ಚಿತ್ರ ಮುಗಿಸಿ ಆಮೇಲೆ ಮಾತಿಗೆ ಜಾಗ ಹುಡುಕಬೇಡಿ. ಮೊದಲು ಮಾತು ಕೂರಿಸಿ, ಉಳಿದ ಜಾಗದಲ್ಲಿ ಚಿತ್ರ ಬರೆಯಿರಿ. ಸದ್ದಿನ ಪದಗಳನ್ನೂ ಎರವಲು ತರಬೇಕಿಲ್ಲ. ಕಿರ್ರ್, ಧಡ್, ಸರಸರ, ತೊಟ್ ತೊಟ್, ಘಲ್ ಅಂತ ನಮ್ಮ ಕಿವಿಗೆ ಬೇಕಾದಷ್ಟಿವೆ. ಕಿರ್ರ್ ಎನ್ನುವುದರ ಒತ್ತನ್ನು ಪ್ಯಾನೆಲ್‌ನ ಕೆಳಗೆರೆ ದಾಟಿಸಿ ಮುಂದಿನ ಪ್ಯಾನೆಲ್ ಒಳಗೆ ಇಳಿಬಿಡಿ, ಬಾಗಿಲ ಸದ್ದು ಅಲ್ಲಿಯವರೆಗೂ ಎಳೆಯುತ್ತದೆ.

ಮುಂದೆ ಯಾವ ಕಥೆ ಎಂದು ಕೇಳಿದ್ದೀರಿ. ಹಾವೇರಿಯವರಾಗಿ ನೀವು ಇದನ್ನು ನನ್ನನ್ನು ಕೇಳಬೇಕಾಗಿ ಬಂದದ್ದು ನನಗೆ ಸ್ವಲ್ಪ ಬೇಸರದ ವಿಷಯ. ನಿಮ್ಮ ಕಡೆಯ ಹೆಣ್ಣುಮಕ್ಕಳು ಹಾಡಿಕೊಂಡು ಬಂದ ‘ಕೆರೆಗೆ ಹಾರ’ ಇದೆಯಲ್ಲ! ಶಾಲೆಯಲ್ಲಿ ಓದಿದ್ದೇವೆ, ತ್ಯಾಗದ ಕಥೆ ಎಂದು ಪರೀಕ್ಷೆಯಲ್ಲಿ ಬರೆದು ಮರೆತಿದ್ದೇವೆ. ಅದನ್ನು ಭಯದ ಕಥೆಯಾಗಿ ಮತ್ತೊಮ್ಮೆ ಓದಿ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರು ಬೀಳುವುದಿಲ್ಲ. ಸೊಸೆಯನ್ನು ಹಾರ, ಅಂದರೆ ಬಲಿ, ಕೊಡಬೇಕೆಂದು ಶಾಸ್ತ್ರದ ಹೊತ್ತಿಗೆ ತೆಗೆದವರು ಹೇಳುತ್ತಾರೆ. ಮನೆಯವರು ಕೂತು ಕಿರಿಸೊಸೆ ಭಾಗೀರತಿ ಎಂದು ತೀರ್ಮಾನಿಸುತ್ತಾರೆ. ಅವಳಿಗೆ ಗೊತ್ತಾಗಿದೆ. ತವರಿಗೆ ಓಡುತ್ತಾಳೆ. ಅಪ್ಪನಿಗೆ ನಿಜ ಹೇಳುವುದಿಲ್ಲ, ಅತ್ತೆಮಾವ ಬೇರೆ ಇಡುತ್ತಾರಂತೆ ಎಂದು ಮರೆಸುತ್ತಾಳೆ. ಇಟ್ಟರೆ ಇಡಲಿ, ಹೊಲಮನೆ ಕೊಡುತ್ತೇನೆ ಎಂದು ಅಪ್ಪ ಸಮಾಧಾನ ಮಾಡುತ್ತಾನೆ. ನಿಜ ಹೇಳುವುದು ಗೆಳತಿಯೊಬ್ಬಳಿಗೆ. ಆ ಗೆಳತಿ, ಕೊಟ್ಟರೆ ಕೊಡಲಿ, ಅವರು ಇಟ್ಟ ಹಾಗೆ ಇರಬೇಕು ಎನ್ನುತ್ತಾಳೆ. ಆ ಒಂದು ಬಲೂನ್ ಬರೆದು ನೋಡಿ. ಗೆಳತಿ ಅಕ್ಕರೆಯಿಂದಲೇ ಹೇಳುತ್ತಿದ್ದಾಳೆ, ಅದೇ ಮೈ ನಡುಗಿಸುವುದು. ಈ ಕಥೆಯಲ್ಲಿ ದೆವ್ವವೇ ಇಲ್ಲ. ಬಾಗಿಲಾಚೆ ಬಂದು ಕರೆಯುವವರಿಲ್ಲ, ಕರೆಯುವವರು ಮನೆಯವರೇ.

ಕೊನೆಗೆ ಎಲ್ಲರೂ ಕೆರೆಗೆ ಹೋಗಿ ಗಂಗೆಪೂಜೆ ಮಾಡಿ ಹಿಂದಿರುಗುವಾಗ ಬಂಗಾರದ ಬಟ್ಟಲು ಮರೆತು ಬಂದೆವು ಎನ್ನುತ್ತಾರೆ. ತರಲು ಹೋದವಳು ಭಾಗೀರತಿ. ಬಟ್ಟಲು ಹಿಡಿದು ಅವಳು ಮೆಟ್ಟಿಲೇರುತ್ತಾಳೆ, ಏರಿದಂತೆಲ್ಲ ನೀರೂ ಏರುತ್ತದೆ. ಪಾದಕ್ಕೆ ಬಂತು, ಪಾದ ಮುಳುಗಿತು, ಮೊಣಕಾಲು, ನಡು, ಐದನೇ ಮೆಟ್ಟಿಲಿಗೆ ತುಂಬಿ ತುಳುಕಿತು. ಹಾಡಿದವರು ನಿಮಗೆ ಐದು ಪ್ಯಾನೆಲ್ ಎಣಿಸಿ ಕೊಟ್ಟುಬಿಟ್ಟಿದ್ದಾರೆ! ಐದು ಉದ್ದನೆಯ ಪ್ಯಾನೆಲ್‌ಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ. ಪ್ರತಿಯೊಂದರಲ್ಲೂ ಅವಳು ಒಂದು ಮೆಟ್ಟಿಲು ಮೇಲೆ, ನೀರಿನ ಗೆರೆ ಅದಕ್ಕಿಂತ ಮೇಲೆ. ಆ ಗೆರೆ ಪ್ಯಾನೆಲ್‌ಗಳ ನಡುವಿನ ಬಿಳಿಜಾಗವನ್ನೂ ದಾಟಿ ಒಂದೇ ಎಳೆಯಲ್ಲಿ ಮೇಲಕ್ಕೆ ಹತ್ತುತ್ತಾ ಹೋಗಲಿ. ಮುಖ ಬೇಡ, ಬಟ್ಟಲು ಹಿಡಿದ ಕೈ ಸಾಕು. ಐದನೆಯದರಲ್ಲಿ ಬರೀ ನೀರು. ಪುಟದ ತುದಿಯಲ್ಲಿ, ಏರಿಯ ಮೇಲೆ ಬೆನ್ನು ಹಾಕಿ ನಡೆದುಹೋಗುತ್ತಿರುವ ಮನೆಮಂದಿ ಚಿಕ್ಕದಾಗಿ ಕಾಣಲಿ.

ದಂಡಿನಲ್ಲಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಕುದುರೆ ಏರಿ ಬರುವುದು, ವಿಷಯ ತಿಳಿದು ಅದೇ ಕೆರೆಗೆ ಹಾರುವುದು ಆಮೇಲಿನ ಮಾತು. ಅದನ್ನು ನೀವು ನಿಮ್ಮ ರೀತಿಯಲ್ಲಿ ಮಾಡಿಕೊಳ್ಳಿ. ಹೂವಿನ ಗಿಡವಾಗುವ ಹುಡುಗಿಯ ಕಥೆಯನ್ನೂ ಹುಡುಕಿ ಓದಿ. ಎ.ಕೆ. ರಾಮಾನುಜನ್ ಅದನ್ನು ಕನ್ನಡನಾಡಿನ ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡರು. ಗಿಡ ಮತ್ತೆ ಹುಡುಗಿಯಾಗುವ ಮೊದಲು ಅದರ ಕೊಂಬೆ ಮುರಿದಿರುತ್ತಾರೆ, ಕೈಯೂ ಇಲ್ಲದೆ ಕಾಲೂ ಇಲ್ಲದೆ ನಡುವೆ ಸಿಕ್ಕಿಕೊಂಡ ಮೈ ಉಳಿಯುತ್ತದೆ. ಒಂದು ಮಾತು ನೆನಪಿಡಿ. ನಮ್ಮ ದೆವ್ವಗಳಲ್ಲಿ ಹೆಚ್ಚಿನವು ಹೆಂಗಸರು: ಹೆರಿಗೆಯಲ್ಲಿ ಸತ್ತವರು, ಮೋಸಹೋದವರು, ಬಾವಿಗೆ ಬಿದ್ದವರು. ಬದುಕಿದ್ದಾಗ ನೊಂದವರನ್ನು ಸತ್ತಮೇಲೆ ವಿಕಾರವಾಗಿ ಬರೆದು ಮತ್ತೊಮ್ಮೆ ನೋಯಿಸುವ ಕೆಲಸ ನಮ್ಮ ಕುಂಚದಿಂದ ಆಗಬಾರದು ಎಂದು ನಾನು ನಂಬಿದ್ದೇನೆ.

ತುಳುನಾಡಿನ ಭೂತಗಳ ಬಗ್ಗೆ. ಅಲ್ಲಿ ಭೂತ ಎಂದರೆ ದೆವ್ವ ಅಲ್ಲ, ದೈವ. ನಮ್ಮ ಕಡೆ ಭೂತ ಎಂದರೆ ಓಡುತ್ತೇವೆ, ಅಲ್ಲಿ ಊರಿಗೆ ಊರೇ ಕೂಡಿ ಕರೆಸಿ ನ್ಯಾಯ ಕೇಳುತ್ತದೆ. ಅಣ್ಣತಂಗಿ ದೈವಗಳಾದ ಕಲ್ಕುಡ-ಕಲ್ಲುರ್ಟಿಯರ ಪಾಡ್ದನ, ಅಂದರೆ ತುಳುವಿನ ಹಾಡುಗತೆ, ಕೇಳಿದರೆ ನಿಮ್ಮ ಕೈ ತುರಿಸುವುದು ನನಗೆ ಗೊತ್ತು. ಕಲ್ಕುಡ ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆಯುತ್ತಾನೆ. ಇಂಥದ್ದು ಇನ್ನೊಂದು ಆಗಬಾರದೆಂದು ಅರಸ ಅವನ ಎಡಗೈ ಬಲಗಾಲು ಕಡಿಸುತ್ತಾನೆ. ಉಳಿದ ಒಂದು ಕೈ ಒಂದು ಕಾಲಿನಲ್ಲಿ ಅವನು ವೇಣೂರಿಗೆ ಹೋಗಿ ಇನ್ನೊಂದು ಗೊಮ್ಮಟನನ್ನು ನಿಲ್ಲಿಸುತ್ತಾನೆ. ತಂಗಿ ಕಲ್ಲುರ್ಟಿಗೆ ಇದು ತಿಳಿಯುತ್ತದೆ, ಇಬ್ಬರೂ ಮಾಯಕಕ್ಕೆ ಸಂದು, ಅಂದರೆ ಕಣ್ಣಿಗೆ ಕಾಣದಂತಾಗಿ, ದೈವಗಳಾಗಿ ಅರಮನೆಯನ್ನು ಕಾಡುತ್ತಾರೆ. ಕಾರ್ಕಳದ ವಿಗ್ರಹ ನಿಂತದ್ದು 1432ರಲ್ಲಿ, ವೇಣೂರಿನದು 1604ರಲ್ಲಿ, ನಡುವೆ 172 ವರ್ಷ. ಪಾಡ್ದನಕ್ಕೆ ಅದರ ಚಿಂತೆಯಿಲ್ಲ. ಅದು ಹಿಡಿದಿಟ್ಟಿರುವುದು ಕಡಿದ ಕೈಯ ಲೆಕ್ಕವನ್ನು. (1967ರಲ್ಲಿ ಅಮರ ಚಿತ್ರಕಥೆ ತಂದ ಅನಂತ ಪೈ ಹುಟ್ಟಿದ್ದೂ ಇದೇ ಕಾರ್ಕಳದಲ್ಲಿ ಎಂಬುದು ನೆನಪಾದಾಗಲೆಲ್ಲ ನನಗೆ ಖುಷಿಯಾಗುತ್ತದೆ.)

ಆದರೆ ಕಲ್ಲುರ್ಟಿಗೆ ಇಂದಿಗೂ ಮನೆಮನೆಗಳಲ್ಲಿ ಸೇವೆ ನಡೆಯುತ್ತದೆ. ನಲಿಕೆ, ಪಂಬದ, ಪರವ ಸಮುದಾಯದವರು ತಲೆಮಾರುಗಳಿಂದ ಆ ದೈವಗಳನ್ನು ಮೈಮೇಲೆ ತಂದುಕೊಂಡು ಬಂದಿದ್ದಾರೆ. ಹೆಂಗಸರು ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಆ ಪಾಡ್ದನ ಹಾಡುತ್ತಾರೆ. ಅವರ ದೈವದ ಬಣ್ಣ, ಬೆನ್ನಿಗೆ ಕಟ್ಟುವ ಅಣಿ, ಕಾಲಿನ ಗಗ್ಗರವನ್ನು ನೀವು ಹೆದರಿಸುವ ವೇಷವಾಗಿ ಬಳಸುವುದು ಸರಿಯಲ್ಲ. ಬರೆಯಲೇಬೇಕೆಂದರೆ ಅಲ್ಲಿಗೆ ಹೋಗಿ. ಒಂದು ಕೋಲವನ್ನು, ದೈವವನ್ನು ಕರೆಸುವ ಆ ಆಚರಣೆಯನ್ನು, ರಾತ್ರಿಯಿಂದ ಬೆಳಗಿನ ತನಕ ಕೂತು ನೋಡಿ, ಮನೆಯವರೊಡನೆ ಮಾತಾಡಿ, ದೈವದ ವೇಷ ಕಟ್ಟುವವರನ್ನು ಕೇಳಿ. ಆಗ ಆ ಕಥೆಯಲ್ಲಿ ಹೆದರಬೇಕಾದವನು ಅರಸ ಎಂದು ನಿಮಗೇ ಕಾಣುತ್ತದೆ, ಚಿತ್ರವೂ ಅವನ ಅರಮನೆಯ ಒಳಗಿನಿಂದ ಶುರುವಾಗುತ್ತದೆ.

ಇಂಗ್ಲಿಷ್ ಓದುವಿರಾದರೆ ರಾಮ್ ವಿ ಬರೆದು ಸುಮಿತ್ ಕುಮಾರ್ ಚಿತ್ರಿಸಿದ ‘ದೀಸ್ ಸ್ಯಾವೇಜ್ ಶೋರ್ಸ್’ ಕಾಮಿಕ್ಸ್ ನೋಡಿ. 2018ರಲ್ಲಿ ಶುರುವಾಗಿ ಐದು ಸಂಚಿಕೆಯಲ್ಲಿ ಬಂತು. 1766ರ ಮಲಬಾರ್, ಹೈದರಾಲಿಯ ಕಾಲ. ಲಂಡನ್ನಿನಿಂದ ಹಡಗು ಹತ್ತಿ ಬಂದ ರಕ್ತ ಹೀರುವ ಪಿಶಾಚಿಗೆ ಈ ನೆಲದಲ್ಲಿ ತನಗಿಂತ ಹಳೆಯದೊಂದು ಎದುರಾಗುತ್ತದೆ. ಕಥೆಗಿಂತ ಹೆಚ್ಚಾಗಿ ಅದರ ಪುಟಗಳನ್ನು ಗಮನಿಸಿ. ಮೂರು ಸಾಲು ಮೂರು ಕಂಬದ ಒಂಬತ್ತು ಮನೆಯ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ಹೋಗಿ, ಎಲ್ಲಿ ಸಡಿಲಿಸಬೇಕೋ ಅಲ್ಲಿ ಸಡಿಲಿಸುತ್ತಾರೆ.

ಸದ್ಯಕ್ಕೆ ಇಂಕ್ ಮುಟ್ಟಬೇಡಿ. ಮೂರನೇ ಪುಟದ ಮುಖ ತೆಗೆದುಹಾಕಿ, ಎರಡರಿಂದ ಆರನೇ ಪುಟದವರೆಗೆ ಪೆನ್ಸಿಲ್‌ನಲ್ಲೇ ಮತ್ತೆ ಬರೆದು ಕಳಿಸಿ. ಬಾಗಿಲ ಮೇಲಿನ ಅಕ್ಷರವನ್ನು ನೀವು ಬರೆಯಬೇಡಿ. ನಿಮ್ಮ ಓಣಿಯಲ್ಲಿ ಎರಡನೇ ಕ್ಲಾಸಿನ ಮಗುವೊಂದು ಇದ್ದೇ ಇರುತ್ತದೆ, ಅದರ ಕೈಗೆ ಖಡು ಕೊಟ್ಟು ಹಳೇ ಹಲಗೆಯ ಮೇಲೆ ಬರೆಸಿ, ಅದನ್ನು ನೋಡಿ ಹಾಗೇ ಇಳಿಸಿಕೊಳ್ಳಿ. ಆಮೇಲೆ ಆ ಹಲಗೆಯನ್ನು ಸೂರಿನ ಕೆಳಗೆ ಇಟ್ಟು ಒಂದು ಚೆಂಬು ನೀರು ಬಿಟ್ಟು, ‘ನಾ’ ಯಾವ ಕಡೆಯಿಂದ ಕರಗುತ್ತದೆ ನೋಡಿಕೊಳ್ಳಿ.